ಮೂರನೇ ಎಚ್ಚರಿಕೆ

ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ತನ್ನ ಮನೆಗೆ ಯಾರೂ ಬರಬಾರದು ಎಂದು ಮಹಾಬಲೇಶ್ವರ ಶನಿವಾರವೇ ಪಕ್ಕದ ಮನೆಯ ಭ್ರಮರಾಂಬಮ್ಮನಿಗೆ ಹೇಳಿದ. ತಪ್ಪಾದದ್ದು ಅಲ್ಲೇ. ಹೇಳದಿದ್ದರೆ ಬಹುಶಃ ಯಾರೂ ಬರುತ್ತಿರಲಿಲ್ಲ.

ಕುಮಟಾ ಕಡೆಯ ಅವನು ತೆಲುಗು ನಾಡಿನ ಗಾಜುವಾಕದಲ್ಲಿ ಒಂಟಿಯಾಗಿ ಬಾಡಿಗೆಗಿದ್ದ. ಹಡಗಿನ ಸರಕು ಸಾಗಿಸುವ ಕಂಪನಿಯಲ್ಲಿ ಗುಮಾಸ್ತ. ಡಿಗ್ರಿ ಇಲ್ಲದ್ದರಿಂದ ಹನ್ನೆರಡು ವರ್ಷ ಅದೇ ಕುರ್ಚಿ. ನಲವತ್ತೆರಡರಲ್ಲಿ ಧೈರ್ಯ ಮಾಡಿ ದೂರಶಿಕ್ಷಣಕ್ಕೆ ಸೇರಿದ. ಕಂಪ್ಯೂಟರ್ ಸೈನ್ಸ್, ಜೊತೆಗೆ ಸೈಕಾಲಜಿ. ಸೈಕಾಲಜಿಯಲ್ಲಿ ಎಪ್ಪತ್ತೆಂಟು ಬಂತು. ಕಂಪ್ಯೂಟರ್ ಮಾತ್ರ ಹಾಲು ಕರೆಯಲು ಹೋದವನನ್ನು ಒದೆಯುವ ಹಸುವಿನ ಹಾಗೆ ಎರಡು ಸಲ ಕೆಡವಿತ್ತು. ಇದು ಮೂರನೆಯ ಸಲ.

ಪರೀಕ್ಷೆ ಮನೆಯಲ್ಲೇ, ಲ್ಯಾಪ್‌ಟಾಪಿನ ಕ್ಯಾಮೆರಾ ಮುಂದೆ. ವಿಜಯವಾಡದ ಸೆಂಟರಿನಿಂದ ಸಾಯಿಪ್ರಿಯಾ ಮೇಡಂ ಕಾವಲು. ಅಭ್ಯರ್ಥಿ ಎದ್ದರೆ, ಬೇರೆಯವರ ದನಿ ಕೇಳಿದರೆ ಎಚ್ಚರಿಕೆ. ಮೂರಾದರೆ ಪರೀಕ್ಷೆ ಬಂದ್.

ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಬೀದಿಯಲ್ಲಿ ಗುಡುಗು.

"ನಿಶ್ಶಬ್ದಂ! ನಿಶ್ಶಬ್ದಂ! ಮಹಾಬಲೇಶ್ವರ್ ಗಾರಿ ಪರೀಕ್ಷ!"

ಎದುರುಮನೆಯ ಬಾಬ್ಜಿ. ಭ್ರಮರಾಂಬಮ್ಮನಿಂದ ಸುದ್ದಿ ತಿಳಿದು, ತರಕಾರಿ ಮಾರುವ ತನ್ನ ಆಟೋದ ಮೈಕಿನಲ್ಲಿ ಬೀದಿಯ ಬಾಯಿ ಮುಚ್ಚಿಸುತ್ತಿದ್ದ. ಆ ಅಬ್ಬರಕ್ಕೆ ಅಷ್ಟೂ ನಾಯಿಗಳು ದನಿಗೂಡಿಸಿದವು.

"ಮೊದಲ ಎಚ್ಚರಿಕೆ," ಎಂದರು ಮೇಡಂ.

ಮಹಾಬಲೇಶ್ವರ ಕಿಟಕಿಗೆ ಹಾರಿ, ಕೈಮುಗಿದು, ಸಾಕಪ್ಪಾ ಎಂದು ಸನ್ನೆ ಮಾಡಿದ. ಬಾಬ್ಜಿ ಹೆಮ್ಮೆಯಿಂದ ತಿರುಗಿ ಕೈಮುಗಿದ. ವಾಪಸ್ ಬಂದು ಕೂರುವಷ್ಟರಲ್ಲಿ, "ಎದ್ದು ಹೋದಿರಿ. ಎರಡನೇ ಎಚ್ಚರಿಕೆ."

ಬೆವರು ಒರೆಸಿಕೊಂಡು ಹದಿನಾಲ್ಕನೇ ಪ್ರಶ್ನೆಗೆ ಬಂದ. ಇಂಗ್ಲಿಷಿನ ಪ್ರಶ್ನೆಯನ್ನು ಕನ್ನಡದಲ್ಲಿ ಗೊಣಗಿಕೊಳ್ಳದೆ ಅವನ ತಲೆಗೆ ಹೋಗುತ್ತಿರಲಿಲ್ಲ.

"ಒಂದರ ಮೇಲೊಂದು ನಾಲ್ಕು ಡಬ್ಬ ಪೇರಿಸಿದೆ. ಮೊದಲು ಹೊರಗೆ ಬರೋದು ಯಾವುದು? ಮೊದಲು ಬಂದದ್ದು ಮೊದಲು ಹೋಗಬೇಕು. ನ್ಯಾಯ ಅಂದ್ರೆ ಅದು. ಅಡಿಯಲ್ಲಿರೋದು." ಹಾಗೇ ಗುರುತು ಹಾಕಿದ.

"ಅಯ್ಯೋ ಬಾಬೂ, ಮೇಲಿಂದು! ಅಡಿಗಿಂದು ಎಳದ್ರೆ ಎಲ್ಲಾ ತಲಿಮ್ಯಾಲೆ ಬೀಳ್ತಾವು!"

ದನಿ ಅವನ ಅಡುಗೆಮನೆಯಿಂದಲೇ ಬಂದಿತ್ತು. ಬಳ್ಳಾರಿಯಿಂದ ಮದುವೆಯಾಗಿ ಬಂದು ಮೂವತ್ತೈದು ವರ್ಷ ಇಲ್ಲೇ ಬೇರೂರಿದ ಭ್ರಮರಾಂಬಮ್ಮ ಒಂಬತ್ತೂವರೆಯಿಂದ ಅಲ್ಲಿ ಕೂತಿದ್ದರು.

"ನೀವ್ಯಾಕಮ್ಮಾ ಇಲ್ಲಿ?"

"ಹಿತ್ತಲ ಬಾಗಿಲಾಗ ಯಾರಾದ್ರೂ ಬಂದುಬಿಟ್ರೆ ಅಂತ ಕಾವಲು ಕುಂತಿದ್ದೆ."

ಪರದೆ ಕೆಂಪಾಯಿತು. ಪರೀಕ್ಷೆ ಬಂದ್. ಮಹಾಬಲೇಶ್ವರ ತಲೆಯ ಮೇಲೆ ಕೈಹೊತ್ತು ಕೂತ. ಸೈಕಾಲಜಿಯಲ್ಲಿ ಎಪ್ಪತ್ತೆಂಟು ತೆಗೆದವನಿಗೆ ಮನುಷ್ಯರ ಮನಸ್ಸು ಇಷ್ಟಾದರೂ ತಿಳಿಯಬೇಡವೇ?

ಭ್ರಮರಾಂಬಮ್ಮ ಕ್ಯಾಮೆರಾ ಮುಂದೆ ಬಂದು ತೆಲುಗಿನಲ್ಲಿ ಬೇಡಿಕೊಂಡರು. ತಪ್ಪು ತನ್ನದು, ಮೇಲಿನ ಡಬ್ಬ ಅಂದದ್ದು ತಾನು, ಅವನನ್ನು ಬಿಟ್ಟುಬಿಡು ತಾಯಿ ಎಂದರು. ಮೇಡಂ ನಕ್ಕರು. ಮುಂದಿನ ತಿಂಗಳು ವಿಜಯವಾಡಕ್ಕೇ ಬಂದು ಬರೆಯಬಹುದು ಎಂದರು. "ಅಂದಹಾಗೆ, ಇವರು ಹೇಳಿದ್ದೇ ಸರಿಯುತ್ತರ."

ಮಹಾಬಲೇಶ್ವರನಿಗೆ ಹೋದ ಜೀವ ಬಂತು. ವಿಜಯವಾಡ! ರೈಲಿನಲ್ಲಿ ಆರೇಳು ಗಂಟೆ ದೂರ. ಅಷ್ಟು ದೂರಕ್ಕೆ ಯಾವ ನೆರೆಹೊರೆಯೂ ಬರುವುದಿಲ್ಲ. ಮಧ್ಯಾಹ್ನ ಊಟ ಮಾಡಿ ಮಗುವಿನ ಹಾಗೆ ಮಲಗಿಬಿಟ್ಟ.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಭ್ರಮರಾಂಬಮ್ಮ ಅರ್ಜಿಯೊಂದನ್ನು ಹಿಡಿದು ನಿಂತಿದ್ದರು.

"ಆ ಮೇಡಂಗೆ ಫೋನ್ ಹಚ್ಚಿದ್ದೆ. ವಯಸ್ಸಿನ ಅಡ್ಡಿ ಇಲ್ಲಂತೆ. ಮದುವೆಗೆ ಮುಂಚೇನೇ ಪಿಯುಸಿ ಪಾಸಾಗೀನಿ. ಕಂಪ್ಯೂಟರ್ ಅಂತ ಬರದೀನಿ. ಇನ್ನೊಂದು ಸೈಕಾಲಜಿನೇ ಹಾಕ್ಲೇನು? ಹೆಂಗೂ ನಿನ್ನ ಪುಸ್ತಕ ಅದಾವಲ್ಲ."

"ಹಾಕಿ," ಎಂದ ಅವನು.

"ಸರ್ಟಿಫಿಕೇಟ್ ತೋರ್ಸಾಕೆ ನಾನೂ ವಿಜಯವಾಡಕ್ಕೆ ಹೋಗಬೇಕಂತೆ. ಒಬ್ಬಾಕೆ ಹೆಂಗ ಹೋಗ್ಲಿ? ಮೇಡಂನ ಕೇಳಿ ನಿನ್ನ ಪರೀಕ್ಷೆ ದಿನಾನೇ ಹಾಕಿಸ್ಕೊಂಡೆ."

ಮಹಾಬಲೇಶ್ವರ ಅವರ ಮುಖ ನೋಡಿದ. ಅರವತ್ತರ ಆ ಮುಖ ಹೊಸ ಚೀಲ ಸಿಕ್ಕ ಶಾಲೆಹುಡುಗಿಯ ಮುಖದ ಹಾಗೆ ಹೊಳೆಯುತ್ತಿತ್ತು. ನಿಟ್ಟುಸಿರು ಬಿಟ್ಟು ಕುರ್ಚಿ ಎಳೆದ.

"ಒಳಗೆ ಬನ್ನಿ ಅಮ್ಮಾ. ಕೂತ್ಕೊಂಡು ಆ ಡಬ್ಬದ ವಿಷಯ ಇನ್ನೊಂದ್ಸಲ ಹೇಳಿ."