ಶೈವರ ಮನೆಯ ಶೈವಲ

ಸಮುದ್ರದ ದಂಡೆಯಲ್ಲಿ ಹುಟ್ಟಿ ಬೆಳೆದವರು ಗುಂಡ್ಲುಪೇಟೆಗೆ ಸೊಸೆಯಾಗಿ ಬರಬಾರದು. ಬಂದರೂ ಬಂದ ಮೇಲೆ ಸಮುದ್ರವನ್ನು ಮರೆತುಬಿಡಬೇಕು. ಎರಡೂ ಆಗದವರ ಗತಿ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ನಡುಮನೆಯ ಮೂಲೆಯಲ್ಲಿ ಕೂತಿರುವ ಗಾಜಿನ ತೊಟ್ಟಿಯೇ ಸಾಕ್ಷಿ. ನನ್ನನ್ನು ಇಲ್ಲಿಗೆ ಯಾರೂ ಹಿಡಿದು ತಂದು ಕೊಟ್ಟದ್ದಲ್ಲ, ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಬಿ.ಎಡ್. ಓದುವಾಗ ಗುಂಡ್ಲುಪೇಟೆ ಪಕ್ಕದ ಭೀಮನಬೀಡಿನ ಹುಡುಗನೊಬ್ಬ ಪಕ್ಕದ ಬೆಂಚಿನಲ್ಲಿ ಕೂತು ತನ್ನ ತೋಟದ ಬಾಳೆಹಣ್ಣನ್ನು ತಂದು ತಂದು ಕೊಟ್ಟ. ಹೊನ್ನಾವರದ ಕಡೆಯ, ಮೀನಿಲ್ಲದಿದ್ದರೆ ಅನ್ನದ ತಟ್ಟೆಯನ್ನು ದೂರ ತಳ್ಳುತ್ತಿದ್ದ ಹುಡುಗಿ ಆ ಹಣ್ಣಿಗೆ ಮರುಳಾಗಿ, ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆದುಕೊಳ್ಳಬೇಕಾದ ಮನೆಯನ್ನು ಬಂದು ಸೇರಿದಳು. ಹುಡುಗ ಬಿ.ಎಡ್. ಸರ್ಟಿಫಿಕೇಟನ್ನು ಪೆಟ್ಟಿಗೆಯಲ್ಲಿಟ್ಟು ಅರಿಸಿನ ಬೆಳೆಯಲು ಹೋದ. ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡಲು ಹೋದೆ. ಇವತ್ತಿಗೂ ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ.

ಆ ಬಸ್ಸು ತೆರಕಣಾಂಬಿ ದಾಟುವಾಗ ದೂರದ ಬೆಟ್ಟಗಳ ಕೆಳಗೆ ನೀಲಿ ಮಂಜು ಒಂದು ಗೆರೆಯಾಗಿ ಮಲಗಿರುತ್ತದೆ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಕ್ಷಣಹೊತ್ತು ಅದು ಸಮುದ್ರವೇ. ಅಷ್ಟರಲ್ಲಿ ಪಕ್ಕದಲ್ಲಿ ಕೂತವರು, ನಿದ್ದೆ ಬಂತಾ ಮೇಡಂ, ಬ್ಯಾಗು ಕೊಡಿ ಹಿಡಕೋತೀನಿ ಎನ್ನುತ್ತಾರೆ, ಸಮುದ್ರ ಮತ್ತೆ ಬೆಟ್ಟವಾಗುತ್ತದೆ. ಕೇರಳದ ಕಡೆಯಿಂದ ಮೀನಿನ ಲಾರಿಗಳು ನೀರು ಸುರಿಸಿಕೊಂಡು ನಮ್ಮ ಪೇಟೆಯ ಮೇಲೆ ಹಾದುಹೋಗುವಾಗ ರಸ್ತೆಯಲ್ಲಿದ್ದವರೆಲ್ಲ ಮೂಗಿಗೆ ಸೆರಗೋ ಟವೆಲ್ಲೋ ಹಿಡಿದರೆ ನಾನೊಬ್ಬಳು ನಿಂತು ದೀರ್ಘವಾಗಿ ಉಸಿರೆಳೆದುಕೊಳ್ಳುತ್ತೇನೆ. ಯೋಗ ಕಲಿತವರು ಹೀಗೆಯೇ ಎಂದು ಅಕ್ಕಪಕ್ಕದವರು ತಿಳಿದಿದ್ದಾರೆ, ನಾನು ತಿದ್ದಲು ಹೋಗಿಲ್ಲ.

ಅಮ್ಮ ಇರುವವರೆಗೆ ಈ ಹಂಬಲ ಇಷ್ಟೊಂದು ಇರಲಿಲ್ಲ. ರಜೆ ಬಂದರೆ ಅಮ್ಮ ಫೋನು ಮಾಡಿ, ಬಾ, ಬಂಗುಡೆ ಒಳ್ಳೆಯದು ಬರುತ್ತಿದೆ ಎನ್ನುತ್ತಿದ್ದಳು. ಅಮ್ಮ ಹೋದ ಮೇಲೆ ಬಾ ಎನ್ನುವವರಿಲ್ಲ. ಅಣ್ಣ ಕೆಟ್ಟವನೇನಲ್ಲ. ಆದರೆ ನನ್ನ ಮದುವೆಯ ಸಿಟ್ಟು ಅವನಲ್ಲಿ ಇನ್ನೂ ಒಂದಿಷ್ಟು ಉಳಿದಿದೆ, ಅಮ್ಮ ಇದ್ದಾಗ ಅದು ಅವಳ ಸೆರಗಿನ ಹಿಂದೆ ಅಡಗಿತ್ತು ಅಷ್ಟೆ. ಈಗ ತವರೆಂದರೆ ಬೆಳಗ್ಗೆ ಬೆಳಗ್ಗೆ ವಾಟ್ಸಾಪ್ ಗುಂಪಿನಲ್ಲಿ ಬರುವ ಗುಲಾಬಿ ಹೂವು. ಕರೆಯದೆ ಹೋಗಲು ಮನಸ್ಸಿಲ್ಲ, ಕರೆ ಎಂದು ಕೇಳಲು ಬಾಯಿಲ್ಲ. ಹೀಗಿರುವಾಗ ಮೈಸೂರಿನ ಅಂಗಡಿಯೊಂದರಲ್ಲಿ ಉಪ್ಪುನೀರಿನ ತೊಟ್ಟಿ ನೋಡಿದೆ. ಪುಟ್ಟ ಪುಟ್ಟ ಅಂಗಿ ಗುಂಡಿಗಳನ್ನು ಜೋಡಿಸಿದಂಥ ಜೀವಂತ ಹವಳ, ಬಿಳಿ ಪಟ್ಟೆಯ ಒಂದು ಜೊತೆ ಕಿತ್ತಳೆ ಮೀನು. ಅಲ್ಲಿಂದ ಕದಲಲು ಕಾಲು ಬರಲಿಲ್ಲ. ನಾನು ಸಮುದ್ರಕ್ಕೆ ಹೋಗಲಾಗದಿದ್ದರೆ ಏನಾಯಿತು, ಅದರಲ್ಲಿ ನಾಲ್ಕು ಕೊಡ ನನ್ನ ಮನೆಗೆ ಬರಲಿ ಎಂದುಕೊಂಡೆ.

ಗಂಡ ಒಪ್ಪಿದರು. ಇವಳಿಗೆ ತಿನ್ನುವುದಂತೂ ಇಲ್ಲ, ನೋಡಿಯಾದರೂ ಬಾಯಲ್ಲಿ ನೀರು ತರಿಸಿಕೊಳ್ಳಲಿ ಎಂದು ಅವರು ಒಪ್ಪಿದ್ದು. ಕಷ್ಟವಿದ್ದದ್ದು ಅತ್ತೆಯದು. ಲಿಂಗಪೂಜೆ ಆಗದೆ ಹನಿ ನೀರೂ ಮುಟ್ಟದ ಅತ್ತೆಯ ಮನೆಯೊಳಕ್ಕೆ ಮೀನು ತರುವುದು ಹೇಗೆ? ನಾನು ಒಂದು ಉಪಾಯ ಹುಡುಕಿದೆ. ಅತ್ತೆ, ಇವು ದೇವರ ಮೀನು, ದೇವಸ್ಥಾನದ ಕೊಳದಲ್ಲಿ ಇರುತ್ತವಲ್ಲ, ಆ ಜಾತಿ ಎಂದೆ. ಅತ್ತೆ ಮೀನನ್ನೂ ನನ್ನ ಮುಖವನ್ನೂ ನೋಡಿ, ಹಂಗಾ ಎಂದು ಕೈಮುಗಿದು ಒಳಗೆ ಹೋದರು. ಎಂಥ ಜಾಣೆ ನಾನು ಎಂದು ಆವತ್ತು ಎರಡು ಲೋಟ ಕಾಫಿ ಕುಡಿದೆ.

ಕೆಲವು ತಿಂಗಳು ಸ್ವರ್ಗ. ಸಂಜೆ ಬಸ್ಸಿಳಿದು ಬಂದು ದೀಪ ಹಾಕಿ ತೊಟ್ಟಿಯ ಮುಂದೆ ಕೂತರೆ ನೀರಿನಲ್ಲಿ ಹವಳ ಅರಳುತ್ತಿತ್ತು, ನನ್ನ ದಣಿವೆಲ್ಲ ಇಳಿಯುತ್ತಿತ್ತು. ಆಮೇಲೆ ಒಂದು ಕಲ್ಲಿನ ಮೇಲೆ ಹಸಿರು ಕೂದಲು ಮೊಳೆಯಿತು. ಮಾರನೆಯ ವಾರ ಕಲ್ಲಿಗೆ ಗಡ್ಡವೇ ಬಂತು. ನಾನು ಮಕ್ಕಳಿಗೆ ಪಾಚಿಯ ಪಾಠ ಮಾಡುವವಳು. ಪುಸ್ತಕದಲ್ಲಿ ಅದರ ಹೆಸರು ಶೈವಲ. ಬೋರ್ಡಿನ ಮೇಲೆ ಚಿತ್ರ ಬರೆದು, ಇದಕ್ಕೆ ಬೆಳಕು ಬೇಕು, ಗೊಬ್ಬರದ ಅಂಶ ಬೇಕು, ಎರಡೂ ಸಿಕ್ಕರೆ ಎಲ್ಲೆಂದರಲ್ಲಿ ಹಬ್ಬುತ್ತದೆ ಎಂದು ಗಂಟಲು ಹರಿಯುವಂತೆ ಹೇಳಿದವಳು. ಆ ವಿದ್ಯೆಯನ್ನೆಲ್ಲ ಮನೆಯಲ್ಲಿ ಬಳಸಿದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಹೊಲದ ಗೊಬ್ಬರ ಇಳಿದಿರುತ್ತದೆ ಎಂದು ಶುದ್ಧ ಮಾಡಿದ ನೀರು ತಂದು ಅದಕ್ಕೆ ಅಂಗಡಿಯವನು ಕೊಟ್ಟ ಸಮುದ್ರದುಪ್ಪು ಬೆರೆಸಿದೆ. ಮೀನಿಗೆ ಚಿಟಿಕೆ ಆಹಾರ ಹಾಕುತ್ತಿದ್ದದ್ದನ್ನು ಅರ್ಧ ಚಿಟಿಕೆ ಮಾಡಿದೆ. ದೀಪ ಸಂಜೆ ಮಾತ್ರ ಎಂದು ನಿಯಮ ಮಾಡಿದೆ. ಹಳೆಯ ಟೂತ್‌ಬ್ರಷ್ಷಿನಿಂದ ಕಲ್ಲು ಉಜ್ಜಿದೆ. ಪಾಚಿ ತಿನ್ನುವ ಬಸವನಹುಳು ತಂದು ಬಿಟ್ಟೆ. ಹೆಸರಲ್ಲೇ ಬಸವ ಇದ್ದುದರಿಂದ ಅದಕ್ಕೆ ಮನೆಯಲ್ಲಿ ಯಾರ ತಕರಾರೂ ಇರಲಿಲ್ಲ. ಎಷ್ಟು ಉಜ್ಜಿದರೂ ಪಾಚಿ ಮತ್ತೆ ಬಂತು. ಅರ್ಧ ಚಿಟಿಕೆ ತಿನ್ನುವ ಮೀನುಗಳು ದಿನದಿನಕ್ಕೆ ಗುಂಡಗಾದವು. ಗುಂಡ್ಲುಪೇಟೆಯ ಹವೆ ಒಗ್ಗಿತು ಎಂದುಕೊಂಡೆನೇ ಹೊರತು ಜೀವಶಾಸ್ತ್ರದ ಮೇಷ್ಟರಮ್ಮನಿಗೆ ಬೇರೇನೂ ಹೊಳೆಯಲಿಲ್ಲ.

ಗಂಡನಿಗೆ ತಮಾಷೆ. ಅವರ ಕಣ್ಣಿಗೆ ಅದು ಪಾಚಿಯಲ್ಲ, ಕಳೆ. ಆಳು ಕರೆಸಿ ಒಂದು ಸುತ್ತು ಕಳೆ ತೆಗೆಸೋಣ ಎನ್ನುತ್ತಿದ್ದರು. ಪುಸ್ತಕದ ಹೆಸರು ಹೇಳಿಕೊಟ್ಟ ತಪ್ಪಿಗೆ, "ಶೈವರ ಮನೇಲಿ ಶೈವಲ ಬೆಳೀದೆ ಇನ್ನೇನ್ ಬೆಳೆದದು" ಎಂದು ಬಂದ ನೆಂಟರಿಗೆಲ್ಲ ಹೇಳಿ ನಗಿಸಿದರು. ನಾನೂ ನಕ್ಕೆ. ಆದರೆ ಹಸಿರು ಕೂದಲು ಹವಳದ ಬುಡಕ್ಕೆ ಬಂದ ದಿನ ನಗು ಬರಲಿಲ್ಲ. ಅರಳುತ್ತಿದ್ದ ಗುಂಡಿಗಳು ಒಂದೊಂದಾಗಿ ಮುಚ್ಚಿಕೊಂಡವು. ಪಾಚಿಯ ಕೆಳಗೆ ಹವಳ ಉಸಿರು ಕಟ್ಟಿ ಸಾಯುತ್ತದೆ, ಅದು ನನಗೆ ಗೊತ್ತಿತ್ತು. ಅಮ್ಮನ ಕೊನೆಯ ದಿನಗಳಲ್ಲಿ ನಾನು ಹತ್ತಿರ ಇರಲಿಲ್ಲ. ಈ ಹಿಡಿಯಷ್ಟು ಸಮುದ್ರವೂ ನನ್ನ ಕಣ್ಣೆದುರೇ ಹೋಗುವುದನ್ನು ನೋಡುತ್ತ ಕೂರುವ ಧೈರ್ಯ ನನಗಿರಲಿಲ್ಲ. ಭಾನುವಾರ ಊಟಕ್ಕೆ ಕೂತಾಗ ಹೇಳಿಬಿಟ್ಟೆ, ತೊಟ್ಟಿಯನ್ನು ಮೈಸೂರಿನ ಅಂಗಡಿಗೆ ವಾಪಸು ಕೊಡುತ್ತೇನೆ, ಬದುಕಿರುವುದು ಅಲ್ಲಾದರೂ ಬದುಕಲಿ ಎಂದು. ಗಂಡ ತಮಾಷೆ ನಿಲ್ಲಿಸಿದರು. ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

ಆ ವಾರವೇ ಒಂದು ದಿನ ಕಾಲೇಜಿನಲ್ಲಿ ಕರೆಂಟು ಹೋಗಿ, ನೀರೂ ಹೋಗಿ, ಮಧ್ಯಾಹ್ನವೇ ಬಿಟ್ಟರು. ಮನೆಗೆ ಬಂದರೆ ಬಾಗಿಲು ತೆರೆದೇ ಇತ್ತು. ಸಂಜೆ ಮಾತ್ರ ಹತ್ತಬೇಕಾದ ತೊಟ್ಟಿಯ ದೀಪ ಹಾಡಹಗಲಲ್ಲಿ ಝಗಝಗ ಉರಿಯುತ್ತಿತ್ತು. ಅತ್ತೆ ಅದರ ಮುಂದೆ ಮಣೆ ಹಾಕಿ ಕೂತಿದ್ದರು, ಮಡಿಲಲ್ಲಿ ಪುರಿ. ನಮ್ಮ ಕಡೆ ಮಂಡಕ್ಕಿ ಎನ್ನುವುದನ್ನು ಇಲ್ಲಿ ಪುರಿ ಎನ್ನುತ್ತಾರೆ. ಹಿಡಿ ಹಿಡಿಯಾಗಿ ನೀರಿಗೆ ಹಾಕುತ್ತ, "ಉಣ್ಣಿ, ಉಣ್ಣಿ, ನಿಮ್ಗ್ ಬೇಕಾದ್ದು ನಮ್ಮನೇಲಿ ಸಿಕ್ಕದಿಲ್ಲ, ಇದ್ದುದ್ನೇ ಉಣ್ಣಿ" ಎನ್ನುತ್ತಿದ್ದರು. ಮೀನುಗಳು ಒಂದಿಷ್ಟು ಕಚ್ಚಿ ಮಿಕ್ಕದ್ದನ್ನು ಉಗುಳುತ್ತಿದ್ದವು. ಉಗುಳಿದ್ದು ಕಲ್ಲಿನ ಸಂದಿಗೆ ಇಳಿಯುತ್ತಿತ್ತು. ಬೆಳಕು, ಗೊಬ್ಬರ. ನನ್ನ ಪಾಠ ಅಕ್ಷರಶಃ ನಡೆಯುತ್ತಿತ್ತು.

ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟು ಮಾಡುವ ಮುಖ ನನಗೆಲ್ಲಿತ್ತು? ದೇವರ ಮೀನಿಗೆ ಪುರಿ ಹಾಕುವುದು ಯಾವ ಊರಲ್ಲಾದರೂ ಪುಣ್ಯವೇ, ದೇವರೆಂದು ಹೇಳಿಕೊಟ್ಟವಳು ನಾನೇ. ಹತ್ತಿರ ಕೂತು ನಿಜ ಹೇಳಿದೆ. ಅತ್ತೆ, ಇವು ದೇವರ ಮೀನಲ್ಲ, ನೀವು ಮನೆಯೊಳಗೆ ಬಿಡುವುದಿಲ್ಲವೆಂದು ಹಾಗೆ ಹೇಳಿದೆ ಎಂದೆ.

ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. "ಗೊತ್ತು ಕಣವ್ವ. ತಂದ್ ದಿನಾನೇ ತೀರ್ಥ ಅಂತ ಒಸಿ ಬಾಯಿಗ್ ಬುಟ್ಕಂಡೆ. ಉಪ್ಪೋ ಉಪ್ಪು. ದೇವ್ರ ಕೊಳ ಎಲ್ಲಾದ್ರೂ ಉಪ್ಪಿದ್ದದಾ? ಇದು ನಿನ್ ತವ್ರೂರ್ ನೀರು ಅಂತ ಆಗ್ಲೇ ತಿಳೀತು."

ಮತ್ತೆ ಯಾಕೆ ಹಾಕುತ್ತೀರಿ ಎಂದು ಕೇಳಿದೆ.

"ನಿಮ್ಮವ್ವ ಹೋದ್ ಮೇಲೆ ನಿನ್ ಕಡೆಯಿಂದ ಯಾರ್ ಬಂದವ್ರೆ ಹೇಳು. ಇವೆರ್ಡೇ ಬಂದಿರಾದು. ತವ್ರಿಂದ ಬಂದವ್ರ ಕತ್ತಲೇಲಿ ಕೂರ್ಸಿ, ಹೊಟ್ಟೆಗಿಲ್ದಂಗೆ ಮಡಗಕ್ಕಾದದಾ?"

ನಾನು ಕೂತಲ್ಲೇ ಅತ್ತುಬಿಟ್ಟೆ. ಅತ್ತೆ ಸೆರಗಿನಲ್ಲಿ ಕೈಯೊರೆಸಿಕೊಂಡು ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಮೀನುಗಳು ಸಮುದ್ರವನ್ನು ಕಂಡವೇ ಅಲ್ಲ, ಬೆಂಗಳೂರಿನ ಯಾವುದೋ ಮಳಿಗೆಯ ತೊಟ್ಟಿಯಲ್ಲಿ ಮೊಟ್ಟೆಯೊಡೆದು ಬಂದವು ಎಂದು ಅಂಗಡಿಯವನು ನನಗೆ ಹೇಳಿದ್ದ. ಅದೂ ನಾಲಿಗೆಯ ತುದಿಗೆ ಬಂತು. ಒಂದು ಸುಳ್ಳನ್ನು ಒಪ್ಪಿಕೊಂಡ ದಿನವೇ ಒಂದು ನಿಜವನ್ನು ನುಂಗಿಕೊಂಡೆ.

ತೊಟ್ಟಿ ಮೈಸೂರಿಗೆ ಹೋಗಲಿಲ್ಲ. ಈಗ ಒಂದು ಒಪ್ಪಂದವಾಗಿದೆ. ಪುರಿ ಹಿಡಿಗಟ್ಟಲೆ ಅಲ್ಲ, ಎಣಿಸಿದಂತೆ ನಾಲ್ಕಾರು ಕಾಳು, ಹಗಲು ದೀಪವಿಲ್ಲ. ಅತ್ತೆ ಒಪ್ಪಂದ ಮುರಿಯುತ್ತಾರೆ, ನಾನು ಸಂಜೆ ಬಲೆಯಲ್ಲಿ ಸೋಸಿ ತೆಗೆಯುತ್ತೇನೆ, ಇಬ್ಬರೂ ಆ ಮಾತೆತ್ತುವುದಿಲ್ಲ. ಪಾಚಿ ಪೂರ್ತಿ ಹೋಗಿಲ್ಲ. ಹವಳದಲ್ಲಿ ಅರ್ಧ ಉಳಿಯಿತು, ಉಳಿದ ಗುಂಡಿಗಳು ಮತ್ತೆ ಬಿಚ್ಚಿಕೊಳ್ಳುತ್ತಿವೆ. ಅಣ್ಣನ ಗುಲಾಬಿ ಹೂವು ದಿನಾ ಬರುತ್ತದೆ, ಬಾ ಎನ್ನುವ ಮಾತು ಇನ್ನೂ ಬಂದಿಲ್ಲ.

ಮೊನ್ನೆ ಬಸ್ಸಿಳಿದಾಗ ಮನೆಯಲ್ಲಿ ಪುರಿ ಮುಗಿದಿದೆ ಎಂದು ನೆನಪಾಯಿತು. ಪಾಚಿ ಹಬ್ಬದಿರಲು ನೀರಿಗೆ ಏನೇನು ಹಾಕಬಾರದು ಎಂದು ಅದೇ ಬೆಳಗ್ಗೆ ಕಾಲೇಜಿನಲ್ಲಿ ಪಾಠ ಮಾಡಿ ಬಂದ ನಾನು, ಬಸ್‌ಸ್ಟ್ಯಾಂಡಿನ ಅಂಗಡಿಯ ಮುಂದೆ ನಿಂತು ಎರಡು ಸೇರು ಅಳೆಯಲು ಹೇಳಿದೆ. ಖಾರ ಹಾಕಿದ್ದು ಕೊಡ್ಲಾ, ಉಪ್ಪು ಹಾಕಿದ್ದು ಕೊಡ್ಲಾ ಎಂದು ಅಂಗಡಿಯವನು ಕೇಳಿದ. ಸಪ್ಪೆಯದೇ ಕೊಡಿ, ಉಪ್ಪು ನಮ್ಮ ಮನೆಯಲ್ಲೇ ಇದೆ ಎಂದೆ.