ಚಿಕ್ಕಪ್ಪನ ಬೇರೆ ಗಾಡಿ

ನಮ್ಮ ಚಿಕ್ಕಪ್ಪನನ್ನು ಸ್ವರ್ಗಕ್ಕೆ ಕರೆದೊಯ್ಯಲು ದೇವದೂತರೇ ವಿಮಾನ ತಂದರೂ ಆತ ಸುಮ್ಮನೆ ಹತ್ತುವ ಆಸಾಮಿಯಲ್ಲ. "ಇಷ್ಟೊಂದು ಜನದ ಜೊತೆ ಬರಲ್ಲಪ್ಪ, ನಂಗೂ ನಮ್ಮೋಳಿಗೂ ಬೇರೆ ಗಾಡಿ ಮಾಡಿ" ಎನ್ನುವುದು ಖಂಡಿತ!

ಸುಳ್ಳೆನ್ನುತ್ತೀರಾ? ಹೊಸಕೋಟೆಯಲ್ಲಿ ಸ್ವಂತ ಮಗನ ಮದುವೆ. ದೇವನಹಳ್ಳಿಯಿಂದ ದಿಬ್ಬಣದ ಬಸ್ಸು ಹೊರಟರೆ, ಈತ ಚಿಕ್ಕಮ್ಮನನ್ನು ಕರೆದುಕೊಂಡು ಅಡುಗೆ ಪಾತ್ರೆಗಳ ಟೆಂಪೋ ಹತ್ತಿದ. ಛತ್ರದ ಬಾಗಿಲಲ್ಲಿ ಬೀಗರು ಆರತಿ ಹಿಡಿದು ಕಾಯುತ್ತಿದ್ದರೆ, ಮೊದಲು ಇಳಿದದ್ದು ಅನ್ನದ ಹಂಡೆ, ಅದರ ಹಿಂದೆ ವರನ ಅಪ್ಪ!

ಅದೇ ಮಗ ಕಳೆದ ವರ್ಷ ಮನೆಮಂದಿಯನ್ನೆಲ್ಲ ಮುಂಬೈಯಿಂದ ಹಡಗಿನ ಪ್ರವಾಸಕ್ಕೆ ಹೊರಡಿಸಿದ. ನಾನೂ ಬಾಲ ಹಿಡಿದೆ. ಹಡಗು ಒಂದು ದಿನ ಕೊಚ್ಚಿಯಲ್ಲಿ ನಿಲ್ಲುತ್ತದೆ. ಊರು ನೋಡಿಕೊಂಡು ಸಂಜೆಗೆ ಮರಳಬೇಕು. ಹಡಗಿನವರ ಬಸ್ಸಿನಲ್ಲಿ ಎಲ್ಲರೊಂದಿಗೆ ಹೋದರೆ, ತಡವಾದರೂ ಹಡಗು ಕಾಯುತ್ತದೆ. ಸ್ವಂತಕ್ಕೆ ಕಾರು ಮಾಡಿಕೊಂಡು ಹೋದರೆ ಕಾಯುವುದಿಲ್ಲ. ಇದರಲ್ಲಿ ಯೋಚಿಸುವುದೇನಿದೆ, ಹೇಳಿ?

"ಕಾರೇ ಮಾಡು," ಎಂದ ಚಿಕ್ಕಪ್ಪ.

"ಅಪ್ಪಾ, ಲೇಟಾದ್ರೆ ಹಡಗು ಬಿಟ್ಟು ಹೋಗ್ಬಿಡುತ್ತೆ!" ಎಂದ ಮಗ.

"ಹೋದ್ರೆ ಹೋಗ್ಲಿ ಬಿಡ್ಲಾ. ಕೊಚ್ಚಿಯಿಂದ ಬೆಂಗಳೂರಿಗೆ ರೈಲಿಲ್ವಾ?"

ಕಾವಲಿಗೆಂದು ನನ್ನನ್ನೂ ಕಾರಿನಲ್ಲಿ ಕೂರಿಸಿದರು.

ಕೊಚ್ಚಿಯಲ್ಲಿ ಇಳಿದ ಚಿಕ್ಕಪ್ಪ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಒಮ್ಮೆ ಮಣ್ಣು ಮುಟ್ಟಿ ನೋಡಿದ, ಒಮ್ಮೆ ಗೋಡೆಯ ಗಾರೆ ಕೆರೆದ. ಮೀನಿನ ಬಲೆಯನ್ನಂತೂ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಂತೆ ನೋಡಿದ. ನಾನು ಗಡಿಯಾರ ನೋಡುತ್ತಿದ್ದೆ.

"ಇವ್ರ ಜೊತೆ ಬಂದ್ರೆ ಇಷ್ಟೇ ಕಣೋ," ಎಂದು ಚಿಕ್ಕಮ್ಮ ಪಕ್ಕದ ಕಟ್ಟೆಯ ಮೇಲೆ ಕೂತು ಬೈಯುತ್ತಿದ್ದಳು. "ರೀ, ಮಣ್ಣು ನೋಡಕ್ಕೆ ಕೊಚ್ಚಿಗೆ ಬರ್ಬೇಕಿತ್ತಾ?"

"ಒಂದ್ನಿಮಿಷ ಇರೇ."

ಸುತ್ತಿದ ತೆಂಗಿನ ಮರವನ್ನೇ ಮತ್ತೆ ಸುತ್ತತೊಡಗಿದಾಗ ನನಗೆ ಅನುಮಾನ ಬಂತು. ಆತ ನಿಂತ ಕಡೆಯಲ್ಲೆಲ್ಲ ಒಂದು ಕಟ್ಟೆಯೋ ಬೆಂಚೋ ಇತ್ತು. ಚಿಕ್ಕಮ್ಮ ಮೊಣಕಾಲು ನೀವಿಕೊಂಡು ಎದ್ದ ಕೂಡಲೇ ಆತನ ಸಂಶೋಧನೆಯೂ ಮುಗಿಯುತ್ತಿತ್ತು! ಬಸ್ಸಿನ ತುಂಬ ಜನ ತನಗಾಗಿ ಕಾಯುತ್ತಾರೆಂದರೆ ಚಿಕ್ಕಮ್ಮ ಸೀಟು ಬಿಟ್ಟು ಇಳಿಯುವವಳೇ ಅಲ್ಲ. ಅದಕ್ಕೇ ತಡಮಾಡುವ ಕೆಟ್ಟ ಹೆಸರನ್ನು ಈ ಮಹಾರಾಯ ಇಷ್ಟು ವರ್ಷ ತಾನೇ ಹೊತ್ತುಕೊಂಡಿದ್ದ. ನಾನು ಗಡಿಯಾರ ನೋಡುವುದನ್ನು ಬಿಟ್ಟೆ.

ಬಂದರಿಗೆ ಮರಳಿದಾಗ ಬಸ್ಸಿನವರೆಲ್ಲ ಹಡಗು ಹತ್ತಿಯಾಗಿತ್ತು. ಉಳಿದವರು ನಾವು ಮೂವರೇ. ಏಣಿ ತೆಗೆಯಲು ನಿಂತ ಸಿಬ್ಬಂದಿ 'ಬೇಗ ಬೇಗ' ಎಂದು ಕೈ ಬೀಸುತ್ತಿದ್ದರು. ಮೇಲಿನಿಂದ ಮಗ ಕೂಗುತ್ತಿದ್ದ. ಅರ್ಧ ಹತ್ತಿದ ಚಿಕ್ಕಮ್ಮ ಕಂಬಿ ಹಿಡಿದು ನಿಂತುಬಿಟ್ಟಳು. ತಕ್ಷಣ ಚಿಕ್ಕಪ್ಪ ಪಕ್ಕದ ಹಗ್ಗದ ಮೇಲೆ ಬಗ್ಗಿದ.

"ಲೇ, ಇದು ಯಾವ ನಾರಿಂದು ನೋಡ್ಲಾ!"

ನಾನೂ ಆತನ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ.

"ಗೊತ್ತಾಗ್ತಿಲ್ಲ ಚಿಕ್ಕಪ್ಪ," ಎಂದೆ, "ಇನ್ನೊಂದ್ಸಲ ನಿಧಾನವಾಗಿ ನೋಡೋಣ."