ಹತ್ತಕ್ಕೆ ನಾಲ್ಕು ಬಂದ ನನ್ನ ನೋವಿನ ಮರುಮೌಲ್ಯಮಾಪನ ಕೋರಿ

ಸೊನ್ನೆಯಿಂದ ಹತ್ತರವರೆಗೆ ವಿರಾಜಮಾನರಾಗಿರುವ ಮಾನ್ಯ ನೋವಿನ ಪಟ್ಟಿಯವರೇ,

ಬೈರಿದೇವರಕೊಪ್ಪದ ನಿವಾಸಿಯೂ ರಾಯಾಪುರದ ಹೈಸ್ಕೂಲೊಂದರ ಕನ್ನಡ ಶಿಕ್ಷಕಿಯೂ ಆದ ರಜನಿ ಮಾಡುವ ಅನಂತ ನಮಸ್ಕಾರಗಳು. ಕೈ ಜೋಡಿಸಲು ಬೆರಳುಗಳು ಒಪ್ಪದ ಕಾರಣ ಇದನ್ನು ಬಾಯಿಮಾತಿನ ನಮಸ್ಕಾರವೆಂದೇ ಸ್ವೀಕರಿಸಬೇಕು. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಸಂಶೋಧನಾ ವಿಭಾಗದಲ್ಲಿ ತಾವು ಗೇಣುದ್ದದ ರಟ್ಟಿನ ರೂಪದಲ್ಲಿ, ಸೊನ್ನೆಯ ಮೇಲೆ ನಗುವ ಮುಖ, ಹತ್ತರ ಮೇಲೆ ಅಳುವ ಮುಖ ಧರಿಸಿ ನನಗೆ ದರ್ಶನ ಕೊಟ್ಟಿದ್ದು ನೆನಪಿರಬಹುದು.

ನನ್ನದು ಸಂಧಿವಾತ, ಅದರಲ್ಲೂ ದೇಹದ ಕಾವಲುಪಡೆಯೇ ದೇಹದ ಕೀಲುಗಳನ್ನು ಶತ್ರುವೆಂದು ತಿಳಿದು ಕಾದಾಡುವ ಬಗೆಯದು. ವಾರಕ್ಕೊಮ್ಮೆ ನುಂಗುವ ಮಾತ್ರೆ ಎರಡು ವರ್ಷ ನಡೆದು ಸೋತಿತು. ಸ್ಟಿರಾಯ್ಡ್ ಮುಖವನ್ನು ಉಬ್ಬಿಸಿತೇ ಹೊರತು ಬೆರಳನ್ನು ಬಿಡಿಸಲಿಲ್ಲ. ಚುಚ್ಚುಮದ್ದು ಆರು ತಿಂಗಳು ಹೊಂದಿಕೊಂಡು ಆಮೇಲೆ ಮುನಿಸಿಕೊಂಡಿತು. ಉಳಿದಿರುವುದು ಹೊಸ ಔಷಧದ ಪ್ರಯೋಗವೊಂದೇ. ಅದರಲ್ಲಿ ಅರ್ಧ ಜನರಿಗೆ ಔಷಧ, ಇನ್ನರ್ಧ ಜನರಿಗೆ ಔಷಧದಂತೆಯೇ ಕಾಣುವ ಖಾಲಿ ಗುಳಿಗೆ. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿರುವುದಿಲ್ಲ. "ಖಾಲೀದು ಸಿಕ್ರ ಏನ್ ಮಾಡ್ತಿ?" ಎಂದು ನನ್ನ ಯಜಮಾನರಾದ ಯಜ್ಞೇಶ್ವರರು ಕೇಳಿದರು. ಅದರಿಂದಲೂ ಮುಂದೆ ಯಾರಿಗಾದರೂ ಉಪಯೋಗವಾದೀತು ಎಂದು ದೊಡ್ಡ ಮನಸ್ಸಿನಿಂದ ಹೇಳಿದೆನಾದರೂ, ನಿಜವಾದದ್ದು ನನಗೇ ಸಿಗಲಿ ಎಂದು ಒಳಗೊಳಗೇ ಹರಕೆ ಹೊತ್ತಿದ್ದೆ.

ಪ್ರಯೋಗಕ್ಕೆ ಆಯ್ಕೆ ಮಾಡುವ ತಪಾಸಣೆಯ ದಿನ ತಮ್ಮನ್ನು ಕೈಯಲ್ಲಿ ಹಿಡಿದು ಬಂದವಳು, ಈಗ ಆ ವಿಭಾಗದಲ್ಲೇ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿನಿ ಋತುಜಾ. "ಅಕ್ಕೋರ, ಹತ್ತರಾಗ ನೋವು ಎಷ್ಟ ಐತ್ರಿ? ವಿಚಾರ ಮಾಡಿ ಹೇಳ್ರಿ" ಎಂದಳು. ಅಂದು ಬೆಳಗ್ಗೆ ಬಾಗಿಲ ಚಿಲಕ ತೆಗೆಯಲಾಗದೆ ಯಜಮಾನರನ್ನು ಕೂಗಿ ಕರೆದಿದ್ದೆ. ನನ್ನ ತಲೆ ಬಾಚಿದ್ದೂ ಅವರೇ. ಆದರೆ ಮೂವತ್ತೊಂದು ವರ್ಷಗಳಲ್ಲಿ ಯಾರ ಪ್ರಬಂಧಕ್ಕೂ ಹತ್ತಕ್ಕೆ ಹತ್ತು ಕೊಟ್ಟವಳು ನಾನಲ್ಲ. ಒಂಬತ್ತನ್ನೂ ಎಂಟನ್ನೂ ಮುಂದೆ ಇನ್ನೂ ಚೆನ್ನಾಗಿ ಬರೆಯುವವರಿಗೆಂದು ಕಾದಿರಿಸಿದ್ದೇನೆ. ಖುದ್ದು ಋತುಜಾಳಿಗೆ ಆರೂವರೆ ಕೊಟ್ಟು ಅತ್ತೇ ಬಿಡುವಂತೆ ಮಾಡಿದ್ದೆ. ಅವಳೆದುರು ನನ್ನ ನೋವಿಗೆ ಕೈ ಬಿಚ್ಚಿ ಅಂಕ ಸುರಿಯುವುದು ಸರಿಯೆನಿಸಲಿಲ್ಲ. "ನಾಲ್ಕು ಬರಕೋವಾ" ಎಂದೆ.

ಪಕ್ಕದ ಬೆಂಚಿನಲ್ಲಿ ಗಬ್ಬೂರಿನ ಮಾಳವ್ವ, ಇದೇ ಕಾಯಿಲೆಯವಳು, ಕೂತಿದ್ದಳು. ಅದೇ ಪ್ರಶ್ನೆಗೆ ಅವಳು, "ಹತ್ತರಾಗ ಎಲ್ಲಿ ಹಿಡಸ್ತೈತಿ ತಂಗಿ, ನೂರು ಬರಿಯವಾ!" ಎಂದು ಇಡೀ ವರಾಂಡಕ್ಕೆ ಕೇಳುವಂತೆ ಕೂಗಿದಳು. ಅವಳು ಒಳಗಾದಳು, ನಾನು ಹೊರಗಾದೆ. ಸೇರಲು ಕನಿಷ್ಠ ಆರು ಬೇಕಿತ್ತೆಂದು ಆಮೇಲೆ ತಿಳಿಸಿದರು. ಮಾಳವ್ವನಿಗೆ ಸಿಕ್ಕಿದ್ದಕ್ಕೆ ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಹೇಳಿದ್ದನ್ನು ಹೇಳಿದಂತೆಯೇ ನಂಬುವ ತಮ್ಮ ಸರಳತೆ ಈ ಕಾಲದಲ್ಲಿ ಅಪರೂಪವಾದದ್ದು, ಅದನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಆದರೂ ತಮ್ಮ ದಿವ್ಯ ಸನ್ನಿಧಿಯಲ್ಲಿ ಒಂದು ಅರಿಕೆ: ಪರೀಕ್ಷೆ ಬರೆದವರೇ ತಮ್ಮ ಉತ್ತರಪತ್ರಿಕೆಯನ್ನು ತಿದ್ದುವ ಪದ್ಧತಿ ನಾನು ಕಂಡ ಯಾವ ಮಂಡಳಿಯಲ್ಲೂ ಇಲ್ಲ. ಆದುದರಿಂದ ನನ್ನ ನೋವನ್ನು ಬೇರೆ ಜಿಲ್ಲೆಯ ಮೌಲ್ಯಮಾಪಕರಿಗೆ ಕಳುಹಿಸಬೇಕು. ಅದು ಆಗದಿದ್ದರೆ ಎರಡು ಗ್ರೇಸ್ ಅಂಕ ದಯಪಾಲಿಸಬೇಕು. ಅದೂ ಆಗದಿದ್ದರೆ ತಾವೇ ಒಂದು ಬೆಳಗ್ಗೆ ಆರಕ್ಕೆ ನಮ್ಮ ಮನೆಗೆ ಬಿಜಯಂಗೈದು, ನನ್ನ ಬೆರಳುಗಳನ್ನು ತೊಟ್ಟುಕೊಂಡು ಚಹಾದ ಲೋಟವೊಂದನ್ನು ಎತ್ತಿ ತೋರಿಸಬೇಕು.

ಊದಿದ ಕೀಲುಗಳನ್ನು ಎಣಿಸಿದ ವೈದ್ಯರು ನನ್ನ ನಾಲ್ಕನ್ನು ನಂಬದೆ ಬರುವ ಸೋಮವಾರ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಆಮೇಲೆ ಪ್ರವೇಶ ಬಂದ್. ಯಜಮಾನರು ದಿನಾ ಚಹಾದ ಹೊತ್ತಿಗೆ "ಹೂಂ, ಎಷ್ಟು?" ಎಂದು ಅಭ್ಯಾಸ ಮಾಡಿಸುತ್ತಿದ್ದು, ನಿನ್ನೆಗೆ ಐದೂವರೆಯವರೆಗೆ ಬಂದಿದ್ದೇನೆ. ಅಲ್ಲಿಂದ ಮುಂದೆ ನಾಲಿಗೆ ಏಳುತ್ತಿಲ್ಲ. ಪಾಸಾಗಲು ಎಷ್ಟು ಬೇಕೆಂದು ತಿಳಿದ ಮೇಲೆ ನಿಜ ಹೇಳಿದರೂ ಕಾಪಿ ಹೊಡೆದಂತೆ ಆಗುತ್ತದೆ, ಮತ್ತು ಕಾಪಿ ಹೊಡೆದವರನ್ನು ನಾನು ಎಂದೂ ಬಿಟ್ಟವಳಲ್ಲ. ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ. ಹಲಗೆಯ ಮೇಲೆ ಒಂದು ಸಾಲು ಬರೆಯುವಷ್ಟರಲ್ಲಿ ಸೀಮೆಸುಣ್ಣ ಕೈಜಾರುತ್ತದೆ, ಮಕ್ಕಳು ಸದ್ದು ಮಾಡದೆ ಎತ್ತಿಕೊಡುತ್ತಾರೆ. ನನಗೆ ಹೆದರಿಕೆಯಾಗಿದೆ, ಮಾನ್ಯರೇ.

ಸದ್ಯಕ್ಕೆ ಐದೂವರೆಯಲ್ಲಿ ನಿಂತಿರುವ,
ತಮ್ಮ ವಿಶ್ವಾಸಿ,
ರಜನಿ

ತಾ.ಕ.: ನಾನು ಹೇಳಿದ್ದನ್ನು ಬರೆದುಕೊಟ್ಟವರು ಯಜಮಾನರು. ಸಹಿಯನ್ನಾದರೂ ನಾನೇ ಹಾಕುವೆನೆಂದು ಮೂರು ಸಲ ಪೆನ್ನು ಹಿಡಿದೆ, ಮೂರು ಸಲವೂ ಬಿತ್ತು. ಹೆಸರಿನ ಮೇಲೆ ತಮಗೆ ಕಾಣುತ್ತಿರುವುದು ಶಾಯಿಯ ಕಲೆಯಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಬರೆಯಲು ಕಲಿಸಿದವಳ ಎಡಗೈ ಹೆಬ್ಬೆಟ್ಟು. ಅದಕ್ಕೆ ಹತ್ತರಲ್ಲಿ ಎಷ್ಟು ಬರುತ್ತದೋ, ದಯವಿಟ್ಟು ತಾವೇ ಬರೆದುಕೊಳ್ಳಿ.